ಹಾವು ತಿನ್ನುವ ಹಾವಿಗೆ ಹುತ್ತದ ಪೊರೆ

2005ರ ಜೂನ್ ತಿಂಗಳ ದಿನಚರಿಯಲ್ಲಿ ಒಂದು ಪುಟವನ್ನು ಅಡ್ಡಲಾಗಿ ಹಿಡಿದು ಗೆರೆ ಎಳೆದಿದ್ದೇನೆ. ಎಡಗಡೆ ನಾಲ್ಕು ಹಾವುಗಳ ಹೆಸರು. ಮೇಲೆ ಅಂಕಣಗಳು: ಉದ್ದ, ಕಚ್ಚುವ ಸ್ವಭಾವ, ಬೇಕಾದ ಬಿಸಿ, ಆಹಾರ, ಅಮ್ಮ. ಕೊನೆಯ ಅಂಕಣಕ್ಕೆ ಎಲ್ಲಕ್ಕಿಂತ ಹೆಚ್ಚು ಜಾಗ ಬಿಟ್ಟಿದ್ದೆ.

ಆಗ ನನಗೆ ಇಪ್ಪತ್ಮೂರು ವರ್ಷ. ಚೆನ್ನೈನ ಪೆರುಂಗುಡಿಯ ಒಂದು ಆಫೀಸಿನಲ್ಲಿ ಬೇರೆಯವರು ಬರೆದ ಪ್ರೋಗ್ರಾಮುಗಳಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ದಿನವಿಡೀ ಅದೇ ಗುಂಡಿ ಒತ್ತಿ, ಅದೇ ಪರದೆ ನೋಡಿ, ಸಂಜೆ ಅಗೆದು ಹಾಕಿದ ರಸ್ತೆಯ ಧೂಳಿನಲ್ಲಿ ಬಸ್ಸು ಹಿಡಿದು ಅಡ್ಯಾರಿನ ಬಾಡಿಗೆ ಮನೆ ಸೇರುವಷ್ಟರಲ್ಲಿ ಮೈಯೆಲ್ಲ ಸೋತಿರುತ್ತಿತ್ತು. ಕಾಲು ಮಾತ್ರ ಸೋಲುತ್ತಿರಲಿಲ್ಲ. ಊಟದ ತಟ್ಟೆ ಕೈಯಲ್ಲಿ ಹಿಡಿದೇ ಹಾಲ್‌ನಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಹಾಲ್‌ಗೆ ಓಡಾಡುತ್ತಿದ್ದೆ.

"ಕಾಲಿಗೆ ಚಕ್ರ ಕಟ್ಕೊಂಡು ಹುಟ್ಟಿದ್ದೀಯ ನೀನು" ಎನ್ನುತ್ತಿದ್ದಳು ಅಮ್ಮ. "ಕೂತ್ಕೊಂಡು ತಿನ್ನೇ. ತಿಂದಿದ್ದು ಮೈಗೆ ಹತ್ತಲ್ಲ."

ನಾಯಿ ಸಾಕು ಎಂದು ಅಪ್ಪ ಒಮ್ಮೆ ಹೇಳಿದರು. ಮನೆಯಲ್ಲಿ ಓಡಾಡುವ ಜೀವ ನಾನೊಬ್ಬಳಿರುವುದೇ ಸಾಕಾಗಿತ್ತು. ನನಗೆ ಬೇಕಿದ್ದದ್ದು ಒಂದೆಡೆ ಸುಮ್ಮನೆ ಮಲಗಿರುವ, ವಾರಕ್ಕೊಮ್ಮೆ ತಿನ್ನುವ, ನೋಡುತ್ತ ಕೂತರೆ ನನ್ನನ್ನೂ ಕೂರಿಸಿಕೊಳ್ಳುವ ಪ್ರಾಣಿ. ಭಾನುವಾರಗಳಲ್ಲಿ ಬ್ರೌಸಿಂಗ್ ಸೆಂಟರಿಗೆ ಹೋಗಿ ಹಾವು ಸಾಕುವವರು ಬರೆದದ್ದನ್ನು ಓದತೊಡಗಿದೆ. ನಮ್ಮ ನೆಲದ ಹಾವುಗಳನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ. ಅವುಗಳನ್ನೆಲ್ಲ ಮೊದಲ ವಾರವೇ ಪಟ್ಟಿಯಿಂದ ಹೊಡೆದು ಹಾಕಿದೆ. ಹೊರದೇಶದ ಹಾವುಗಳನ್ನು ಸಾಕಿದರೆ ಆಗ ಯಾರೂ ಅಷ್ಟಾಗಿ ಕೇಳುತ್ತಿರಲಿಲ್ಲ. ಬಣ್ಣದ ಮೀನು ಮಾರುವ ಒಂದು ಅಂಗಡಿಯವನು ಒಳಕೋಣೆಯಲ್ಲಿ ಅಂಥವನ್ನೂ ಇಟ್ಟಿದ್ದ.

ಪಟ್ಟಿಯ ಮೊದಲ ಮೂರು ಹಾವುಗಳು ಎಲ್ಲರೂ ಸಾಕುವಂಥವು. ನಾಲ್ಕನೆಯದು ಆಫ್ರಿಕಾದ್ದು, ಇಂಗ್ಲಿಷಿನಲ್ಲಿ ಫೈಲ್ ಸ್ನೇಕ್. ಬಡಗಿಗಳ ಮೂರು ಮೂಲೆಯ ಅರ ಇರುತ್ತದಲ್ಲ, ಅದರ ಮೈ ಹಾಗೆಯೇ. ಬೆನ್ನು ಏಣಾಗಿ ಎದ್ದಿದ್ದು, ಅದರ ಮೇಲೆ ಬಾಲದವರೆಗೂ ಒಂದು ಬಿಳಿ ಗೆರೆ. ಬೂದು ಹುರುಪೆಗಳ ನಡುವೆ ಬಿಟ್ಟ ಜಾಗದಲ್ಲಿ ನೇರಳೆ ಚರ್ಮ ಕಾಣುತ್ತದೆ. ವಿಷವಿಲ್ಲ. ಕಚ್ಚುವುದಂತೂ ಅಪರೂಪ. ಅದು ತಿನ್ನುವುದು ಮಾತ್ರ ಬೇರೆ ಹಾವುಗಳನ್ನು, ವಿಷದ ಹಾವುಗಳನ್ನೂ. ಆಹಾರದ ಅಂಕಣದಲ್ಲಿ ಅದರ ಮುಂದೆ "ಹಾವು" ಎಂದು ಬರೆದು, ಪಕ್ಕದಲ್ಲಿ "ಇಲಿಗೂ ಒಗ್ಗಿಸಬಹುದಂತೆ" ಎಂದು ಸೇರಿಸಿದ್ದೆ. ಆ 'ಅಂತೆ'ಯ ಮೇಲೆ ಹೆಚ್ಚು ಹೊತ್ತು ನಿಲ್ಲಲಿಲ್ಲ. ಅಮ್ಮನ ಅಂಕಣದಲ್ಲಿ ಅದಕ್ಕೊಂದಕ್ಕೇ ಸರಿ ಗುರುತು ಹಾಕಿದೆ.

ಅದಕ್ಕೆ ಕಾರಣವಿತ್ತು. ಹಿಂದಿನ ವರ್ಷ ನಮ್ಮ ಕಾಂಪೌಂಡಿಗೆ ಒಂದು ನಾಗರಹಾವು ಬಂದಿತ್ತು. ನದಿ ಹತ್ತಿರವಿದ್ದದ್ದರಿಂದ ಆ ಬೀದಿಗೆ ಅದು ಹೊಸದೇನಲ್ಲ. ಮನೆಯ ಮಾಲೀಕರು ಹಿಡಿಯುವವರನ್ನು ಕರೆಸಿದರು, ಅವರು ಚೀಲದಲ್ಲಿ ಹಾಕಿಕೊಂಡು ಹೋದರು. ಅಂದಿನಿಂದ ಅಮ್ಮ ಎಷ್ಟೋ ದಿನ ಸರಿಯಾಗಿ ನಿದ್ದೆ ಮಾಡಲಿಲ್ಲ. ಪ್ರತಿ ಮಂಗಳವಾರ ಸಂಜೆಯವರೆಗೆ ಉಪವಾಸವಿದ್ದು ವಡಪಳನಿಯ ಸುಬ್ರಹ್ಮಣ್ಯನ ಗುಡಿಗೆ ಹೋಗಲು ಶುರು ಮಾಡಿದಳು. ಹೆದರಿದ್ದಾಳೆ ಎಂದು ನಾನು ತಿಳಿದೆ. ಹಾವಿಗೆ ಹೆದರುವವಳಿಗೆ ಹಾವನ್ನು ತಿನ್ನುವ ಹಾವು ಮನೆಯಲ್ಲಿದ್ದರೆ ಧೈರ್ಯವಲ್ಲವೇ ಎಂಬುದು ನನ್ನ ಲೆಕ್ಕ.

ಒಂದು ಶನಿವಾರ ಮಧ್ಯಾಹ್ನ ಊಟವಾದ ಮೇಲೆ ಪುಟ ಬಿಚ್ಚಿ ವಿಷಯ ಹೇಳಿದೆ. ಅಮ್ಮ ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ಬಿಡಿಸುವುದನ್ನು ನಿಲ್ಲಿಸಿದಳು.

"ಇನ್ನೊಂದ್ಸಲ ಹೇಳು. ಏನು ತಿನ್ನುತ್ತೆ ಅದು?"

"ಹಾವನ್ನ. ನಾಗರಹಾವು ಬಂದ್ರೂ ಬಿಡಲ್ಲ."

"ಸುಬ್ರಹ್ಮಣ್ಯನ ಒಕ್ಕಲು ನಾವು. ಹಾವು ತಿನ್ನೋ ಹಾವನ್ನ ನಮ್ಮನೇಲಿ ಸಾಕ್ತೀಯ?"

"ಹೋದ ವರ್ಷ ನೀನೇ ಅಷ್ಟೊಂದು ಹೆದರಿಕೊಂಡಿದ್ದೆ."

"ನಾನ್ಯಾಕೆ ಹೆದರಲಿ?" ಅಮ್ಮ ನನ್ನನ್ನು ನೋಡಿದ ರೀತಿಯಲ್ಲಿ ಸಿಟ್ಟಿಗಿಂತ ಆಶ್ಚರ್ಯವೇ ಹೆಚ್ಚಿತ್ತು. "ಬಾಗಿಲಿಗೆ ಬಂದದ್ದನ್ನ ಚೀಲಕ್ಕೆ ತುಂಬಿ ಕಳಿಸಿದ್ರು. ಒಂದು ತೊಟ್ಟು ಹಾಲು ಇಡೋದಕ್ಕೆ ಬಿಡಲಿಲ್ಲ ನನಗೆ. ಅದಕ್ಕೆ ನಿದ್ದೆ ಬರಲಿಲ್ಲ."

ಒಂದು ವರ್ಷ ಅದೇ ಮನೆಯಲ್ಲಿದ್ದು ನನಗೆ ಇದು ಗೊತ್ತಾಗಿರಲಿಲ್ಲ. ಸರಿ ಗುರುತಿನ ಮೇಲೆ ಅಡ್ಡಗೆರೆ ಎಳೆಯಬೇಕಾಯಿತು.

ನನ್ನ ತಂಗಿ ಆಗ ಹನ್ನೆರಡನೇ ಕ್ಲಾಸು. ನಂಜನಗೂಡಿನ ಕಡೆಯಿಂದ ನಾವು ಚೆನ್ನೈಗೆ ಬಂದಾಗ ಅವಳು ಚಿಕ್ಕವಳು, ಹಾಗಾಗಿ ಕನ್ನಡದಲ್ಲಿ ಕೇಳಿದರೆ ಅರ್ಧ ತಮಿಳಿನಲ್ಲಿ ಉತ್ತರ ಬರುತ್ತಿತ್ತು. ಅವಳು ಸೋಫಾದಿಂದಲೇ ಕೂಗಿದಳು.

"ಅಮ್ಮಾ, ವಡಪಳನೀಲಿ ಮುರುಗನ್ ಮಯಿಲ್ ಕಾಲಡೀಲಿ ಪಾಂಬು ಇದೆಯಲ್ಲ? ನವಿಲು ಹಾವು ತಿನ್ನುತ್ತೆ. ಸಾಮಿನೇ ಸಾಕಿದಾನೆ."

"ಅದು ತಿನ್ನಲ್ಲ. ಕಾಲಲ್ಲಿ ಹಿಡ್ಕೊಂಡಿರುತ್ತೆ ಅಷ್ಟೆ."

"ಯಾಕೆ ಹಿಡ್ಕೊಂಡಿದೆ, ಟೈಮ್ ಪಾಸ್‌ಗಾ?"

ಅಪ್ಪ ಪೇಪರಿನ ಹಿಂದೆ ನಕ್ಕರು. ಇಲಿಗೆ ಒಗ್ಗಿಸುತ್ತೇನೆ, ಹಾವು ಹಾಕುವುದಿಲ್ಲ ಎಂದು ನಾನು ಹೇಳಿದಾಗ, "ಇಲಿ ಗಣಪತೀದು. ತಮ್ಮಂದು ಬೇಡ ಅಂತ ಅಣ್ಣಂದಕ್ಕೆ ಕೈ ಹಾಕ್ತಿದ್ದಾಳೆ" ಎಂದರು.

ಮಾತು ಮೂರು ವಾರ ನಡೆಯಿತು. ಕೊನೆಗೆ ಅಮ್ಮ ಒಪ್ಪಿದ್ದು ನನ್ನ ವಾದಕ್ಕಲ್ಲ, ನನ್ನ ಓಡಾಟ ನೋಡಿ ಸಾಕಾಗಿ. "ತಗೊಂಡು ಬಾ. ಆದರೆ ಈ ಮನೇಲಿ ಅದರ ಬಾಯಿಗೆ ಒಂದು ಹಾವೂ ಬೀಳಬಾರದು. ಬಿದ್ದ ದಿನ ಅದೂ ಇರಲ್ಲ, ನಾನೂ ನಿನ್ನ ಹತ್ತಿರ ಮಾತಾಡಲ್ಲ."

"ಇಲಿ ತಿನ್ನುತ್ತಮ್ಮ."

"ನೋಡಿದ್ದೀಯ?"

"ಓದಿದ್ದೀನಿ."

"ಸರಿ. ಓದಿದ್ದೀಯ."

ಜುಲೈ ಮೊದಲ ಭಾನುವಾರ ಹಾವು ಬಂತು. ಬಟ್ಟೆಯ ಚೀಲದಿಂದ ತೆಗೆದಾಗ ಅದು ಓಡಲಿಲ್ಲ, ಬುಸುಗುಟ್ಟಲಿಲ್ಲ. ನನ್ನ ಮುಂಗೈ ಸುತ್ತಿಕೊಂಡು ತಲೆಯನ್ನು ತನ್ನದೇ ಸುರುಳಿಯೊಳಗೆ ಅಡಗಿಸಿಕೊಂಡಿತು. ನನ್ನ ಕೋಣೆಯಲ್ಲಿ ಗಾಜಿನ ತೊಟ್ಟಿ ಇಟ್ಟು, ತೆಂಗಿನ ನಾರಿನ ಪುಡಿ ಹಾಸಿ, ಒಡೆದ ಹೂಕುಂಡವನ್ನು ಬೋರಲು ಹಾಕಿದ್ದೆ. ಹಗಲೆಲ್ಲ ಕುಂಡದ ಕೆಳಗೆ ಮಲಗಿರುತ್ತಿತ್ತು. ಕತ್ತಲಾಗುತ್ತಲೇ ಹೊರಬಂದು ಗಾಜಿನ ಅಂಚಿಗೆ ಮೂತಿ ಒತ್ತಿ ಒಂದೇ ಸಮನೆ ಸುತ್ತುತ್ತಿತ್ತು. ಈ ಮೂಲೆಯಿಂದ ಆ ಮೂಲೆಗೆ, ಆ ಮೂಲೆಯಿಂದ ಈ ಮೂಲೆಗೆ. ಸುಮ್ಮನಿರುವ ಪ್ರಾಣಿ ಎಂದು ತಂದದ್ದು ನಾನು.

ಅಮ್ಮ ಬಾಗಿಲಿನ ಹೊರಗೆ ನಿಂತು ನೋಡಿದಳು. ಒಳಗೆ ಕಾಲಿಡುವುದಿಲ್ಲ ಎಂದು ಮೊದಲೇ ಹೇಳಿದ್ದಳು. "ನಿಂದೇ ಗುಣ" ಎಂದು ಅಡುಗೆಮನೆಗೆ ಹೋದಳು.

ಮೊದಲ ಇಲಿಯನ್ನು ಅದೇ ವಾರ ಕೊಟ್ಟೆ. ಅಂಗಡಿಯವನೇ ಬಿಳಿ ಇಲಿ ಕೊಂದು ಪೊಟ್ಟಣ ಕಟ್ಟಿ ಕೊಡುತ್ತಿದ್ದ. ಚಿಮಟದಲ್ಲಿ ಹಿಡಿದು ಮೂತಿಯ ಹತ್ತಿರ ಒಯ್ದರೆ ಹಾವು ನಾಲಗೆ ಚಾಚಿ ನೋಡಿ ಮುಖ ತಿರುಗಿಸಿತು. ತೊಟ್ಟಿಯೊಳಗೆ ಬಿಟ್ಟು ಬೆಳಿಗ್ಗೆ ನೋಡಿದೆ. ಹಾಗೆಯೇ ಇತ್ತು. ದಿನಚರಿಯಲ್ಲಿ ಎರಡು ಅಂಕಣ ಮಾಡಿಕೊಂಡಿದ್ದೆ, ಕೊಟ್ಟದ್ದು ಮತ್ತು ತಿಂದದ್ದು. ಮೊದಲನೆಯದರಲ್ಲಿ ಗೀಟುಗಳು ಸೇರುತ್ತ ಹೋದವು. ಎರಡನೆಯದು ಖಾಲಿ ಉಳಿಯಿತು.

ಜುಲೈ ಮುಗಿಯುವ ಹೊತ್ತಿಗೆ ಬೆನ್ನಿನ ಏಣು ಚೂಪಾಗಿತ್ತು. ಪಕ್ಕೆಗಳು ಒಳಕ್ಕೆ ಹೋಗಿದ್ದವು. ಆಫೀಸಿನಲ್ಲಿ ಕೂತಲ್ಲಿ ಕೂರಲಾಗದೆ ಮಧ್ಯಾಹ್ನ ಮನೆಗೆ ಫೋನ್ ಮಾಡುತ್ತಿದ್ದೆ. ಅಮ್ಮ ಒಳಗೆ ಹೋಗುವುದಿಲ್ಲವಾದ್ದರಿಂದ ಬಾಗಿಲಿಂದಲೇ ನೋಡಿ ಹೇಳುತ್ತಿದ್ದಳು. "ಕುಂಡದ ಕೆಳಗಿದೆ. ಬಾಲ ಕಾಣ್ತಿದೆ. ಉಸಿರಾಡ್ತಿದೆ." ದಿನ ಕಳೆದಂತೆ ನಾನು ಫೋನ್ ಮಾಡುವ ಮೊದಲೇ ಅವಳೇ ಮಾಡತೊಡಗಿದಳು.

"ಮನೇಲಿ ಈಗ ಇಬ್ಬರು ಉಪವಾಸ" ಎಂದರು ಅಪ್ಪ ಒಂದು ಮಂಗಳವಾರ.

ಅಮ್ಮ ನಗಲಿಲ್ಲ. "ನಾನು ಸಂಜೆಗೆ ತಿಂತೀನಿ."

ಅಂಗಡಿಯವನ ಬಳಿ ಹೋದೆ. ಅವನಿಗೆ ಇದು ಮೊದಲಿನಿಂದಲೂ ಗೊತ್ತಿದ್ದಂತಿತ್ತು. "ಎಲಿ ಸಾಪ್ಪಿಡಾದುಮಾ" ಎಂದ, ಇಲಿ ತಿನ್ನುವುದಿಲ್ಲ ಎಂದು. ಒಳಗಿನಿಂದ ಒಂದು ಪ್ಲಾಸ್ಟಿಕ್ ಭರಣಿ ತಂದು ಮೇಜಿನ ಮೇಲಿಟ್ಟ. ಅದರಲ್ಲಿ ಗೇಣುದ್ದದ ಒಂದು ನೀರುಹಾವಿನ ಮರಿ ಇತ್ತು. ಕಣ್ಣಿನ ಕೆಳಗೆ ಎರಡು ಕಪ್ಪು ಗೀಟು, ಮೈಮೇಲೆ ಚೌಕಳಿ. ಒಂದು ಸಲ ಇದನ್ನು ಹಾಕು, ಆಮೇಲೆ ದಾರಿಗೆ ಬರುತ್ತದೆ, ಮನೆಯಲ್ಲಿ ಯಾರಿಗೆ ಗೊತ್ತಾಗುತ್ತೆ ಎಂದ. ಕೆರೆಯಿಂದ ಹಿಡಿದು ತಂದ ನಮ್ಮದೇ ನೆಲದ ಹಾವು. ಅದು ಮುಚ್ಚಳದತ್ತ ಏರಿ ಜಾರಿ ಬೀಳುತ್ತಿತ್ತು, ಮತ್ತೆ ಏರುತ್ತಿತ್ತು.

ಭರಣಿಯನ್ನು ಮುಟ್ಟಲಿಲ್ಲ. ಇದನ್ನು ಕೆರೆಗೇ ಬಿಟ್ಟುಬಿಡು ಎಂದರೆ ಅವನು ತಲೆಯಾಡಿಸಿ ಮೀನಿಗೆ ಕಾಳು ಹಾಕಲು ಹೋದ. ಬಸ್ ನಿಲ್ದಾಣಕ್ಕೆ ಬಂದು, ನನ್ನ ಬಸ್ಸು ಎರಡು ಸಲ ಬಂದು ಹೋದರೂ ಹತ್ತದೆ, ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದೆ. ಹಾವು ಹಾಕಿದರೆ ಅಮ್ಮನನ್ನು ಕಳೆದುಕೊಳ್ಳುತ್ತೇನೆ. ಹಾಕದಿದ್ದರೆ ಆಫ್ರಿಕಾದಿಂದ ಬಂದದ್ದು ನನ್ನ ಕೋಣೆಯಲ್ಲಿ ಒಣಗಿ ಸಾಯುತ್ತದೆ. ವಾಪಸ್ ಕೊಟ್ಟರೆ ಆ ಭರಣಿಯ ಮರಿ ಅದರ ಬಾಯಿಗೇ ಹೋಗುತ್ತದೆ.

ಮನೆಗೆ ಬಂದು ಎಲ್ಲವನ್ನೂ ಅಮ್ಮನಿಗೆ ಹೇಳಿದೆ, ಭರಣಿಯ ಮರಿಯ ವಿಷಯವನ್ನೂ. ಆಮೇಲೆ ಬ್ರೌಸಿಂಗ್ ಸೆಂಟರಿನಲ್ಲಿ ಓದಿದ್ದ ಒಂದು ಉಪಾಯ ಹೇಳಿದೆ. ಹಾವು ತಿನ್ನುವ ಹಾವು ಆಹಾರವನ್ನು ಗುರುತಿಸುವುದು ವಾಸನೆಯಿಂದ. ಇಲಿಗೆ ಹಾವಿನ ಪೊರೆ ತಿಕ್ಕಿ ಕೊಟ್ಟರೆ ಕೆಲವು ಮೋಸಹೋಗುತ್ತವಂತೆ.

"ಮತ್ತೆ ಅಂತೆ" ಎಂದಳು ಅಮ್ಮ. ಸ್ವಲ್ಪ ಹೊತ್ತು ಒಗೆದ ಬಟ್ಟೆ ಮಡಚಿದಳು. "ಪೊರೆಗೆ ಹಾವನ್ನ ಕೊಲ್ಲಬೇಕಾ?"

"ಇಲ್ಲಮ್ಮ. ಅದೇ ಬಿಟ್ಟು ಹೋಗುತ್ತಲ್ಲ."

ಅಮ್ಮ ಎದ್ದು ದೇವರ ಗೂಡಿನಿಂದ ಹಳೆಯ ತಗಡಿನ ಡಬ್ಬಿ ತಂದಳು. ಅದರಲ್ಲಿ ಅರಿಶಿನದ ಬಟ್ಟೆಯಲ್ಲಿ ಸುತ್ತಿದ್ದ ನಾಗರಹಾವಿನ ಪೊರೆ ಇತ್ತು. ಊರಿನ ನಾಗರಕಲ್ಲಿನ ಹತ್ತಿರ ಸಿಕ್ಕಿದ್ದಂತೆ ಅಜ್ಜಿಗೆ, ನಾನು ಹೊಟ್ಟೆಯಲ್ಲಿದ್ದಾಗ. ಮನೆ ಬದಲಾಯಿಸಿದಾಗಲೆಲ್ಲ ಅದು ಅಮ್ಮನ ಕೈಚೀಲದಲ್ಲೇ ಬರುತ್ತಿತ್ತು. ಕೊಡುತ್ತಾಳೆಂದು ನಾನು ಊಹಿಸಿರಲಿಲ್ಲ. ಬಾಲದ ಕಡೆಯಿಂದ ಬೆರಳುದ್ದ ಮುರಿದು ನನ್ನ ಅಂಗೈಯಲ್ಲಿಟ್ಟಳು. "ತಲೆ ಕಡೇದು ಕೇಳಬೇಡ. ಅದು ದೇವರಿಗೆ."

ಬಾಲ್ಕನಿಯಲ್ಲಿ ಪೇಪರ್ ಹಾಸಿ, ಇಲಿಯನ್ನು ತೊಳೆದು ಒರೆಸಿ, ಒದ್ದೆ ಮಾಡಿದ ಪೊರೆಯನ್ನು ಅದರ ಮೈಗೆ ತಿಕ್ಕಿದೆ.

"ಪೌಡರ್ ಹಾಕು ಅಕ್ಕಾ" ಎಂದಳು ತಂಗಿ. "ಪೊಟ್ಟು ಇಡು. ಹೆಣ್ಣು ನೋಡಕ್ಕೆ ಬರ್ತಿದಾರೆ."

ಹಾವು ಕುಂಡದಿಂದ ಬಂತು. ನಾಲಗೆ ಚಾಚಿತು. ಈ ಸಲ ಬೇಗ ಹಿಂದೆ ಸರಿಯಲಿಲ್ಲ. ಇಲಿಯ ತಲೆಯಿಂದ ಬಾಲದವರೆಗೆ ಮೂತಿ ಆಡಿಸಿತು. ಆಮೇಲೆ ತಿರುಗಿ ಹೋಗಿ ಗಾಜಿನ ಅಂಚು ಹಿಡಿದು ಸುತ್ತತೊಡಗಿತು. ಇಲಿಯನ್ನು ಮೂಗಿಗೆ ಹಿಡಿದು ನೋಡಿದೆ. ಅದು ಕರ್ಪೂರದ ವಾಸನೆ ಹೊಡೆಯುತ್ತಿತ್ತು. ಇಷ್ಟು ವರ್ಷ ದೇವರ ಗೂಡಿನಲ್ಲಿದ್ದ ಪೊರೆಯಲ್ಲಿ ಹಾವಿನದೇನೂ ಉಳಿದಿರಲಿಲ್ಲ.

ಅಮ್ಮನಿಗೆ ಹೇಳಿದೆ. ಅವಳು ಮುರಿದ ಪೊರೆಯನ್ನು ಮತ್ತೆ ಸುತ್ತಿಟ್ಟಳು. ಅವಳು ಏನಾದರೂ ಅಂದಿದ್ದರೆ ಚೆನ್ನಾಗಿರುತ್ತಿತ್ತು ಎಂದು ಆ ದಿನದ ಪುಟದಲ್ಲಿ ಬರೆದಿದ್ದೇನೆ. ಅದರ ಕೆಳಗೆ ಹಾವಿನ ತೂಕ, ಹಿಂದಿನ ವಾರಕ್ಕಿಂತ ಕಡಿಮೆ.

ಆಗಸ್ಟಿನಲ್ಲಿ ನಾಗರಪಂಚಮಿ ಬಂತು. ನಮ್ಮ ಬೀದಿಯಲ್ಲಿ ಅದನ್ನು ಮಾಡುತ್ತಿದ್ದದ್ದು ನಮ್ಮದೊಂದೇ ಮನೆ. ಆದರೆ ತಮಿಳರಿಗೆ ಅದು ದೇವಿಗೆ ಮೀಸಲಾದ ಆಡಿ ತಿಂಗಳು. ಅಮ್ಮನವರ ಗುಡಿಗಳಲ್ಲಿ ಹುತ್ತಕ್ಕೆ ಹಾಲೆರೆಯುವ ಹೆಂಗಸರ ಸಾಲು ರಸ್ತೆಯವರೆಗೆ ಬರುತ್ತಿತ್ತು. ಅಮ್ಮ ಹಿಂದಿನ ದಿನವೇ ಚಿಗಳಿ, ತಂಬಿಟ್ಟು ಮಾಡಿಟ್ಟಿದ್ದಳು. ಪಂಚಮಿಯ ದಿನ ಮನೆಯಲ್ಲಿ ಹೆಚ್ಚುವುದಿಲ್ಲ, ಕರಿಯುವುದಿಲ್ಲ, ಒಲೆಗೆ ಬಾಣಲೆ ಇಡುವುದಿಲ್ಲ. ನಾನು ಆಫೀಸಿಗೆ ರಜೆ ಹಾಕಿದ್ದೆ. ಕೋಣೆಯಿಂದ ಬಾಲ್ಕನಿಗೆ ಓಡಾಡುತ್ತಿದ್ದೆ. ಅಮ್ಮ ಹಾಲಿನ ಪಾತ್ರೆ ಹಿಡಿದು ಹತ್ತಿರದ ಹುತ್ತದ ಗುಡಿಗೆ ಹೋದಳು.

ಬರುವಾಗ ಬಿಸಿಲು ಏರಿತ್ತು. ಬೆವರು ಒರೆಸಿಕೊಳ್ಳದೆ ನೇರ ನನ್ನ ಕೋಣೆಯ ಹೊಸ್ತಿಲಿಗೆ ಬಂದು ಬಾಳೆಲೆಯ ಪೊಟ್ಟಣ ಚಾಚಿದಳು. ಬಿಚ್ಚಿದರೆ ಪೊರೆ. ಮೊಳಕ್ಕಿಂತ ಉದ್ದ, ಇನ್ನೂ ಮೆತ್ತಗೆ, ಮಣ್ಣು ಅಂಟಿದ್ದು. ಮೂಗಿಗೆ ಹಿಡಿದರೆ ಹಸಿ ಕಮಟು.

"ಎಲ್ಲಿ ಸಿಕ್ತು?"

"ಹುತ್ತದ ಹಿಂದುಗಡೆ. ಹಾಲು ಮಾರೋ ಮುದುಕಿ ಇದಾಳಲ್ಲ, ಅವಳನ್ನ ಕೇಳಿದೆ. ನನ್ನ ಮಗಳ ಹತ್ತಿರ ಇರೋದು ಊಟ ಬಿಟ್ಟಿದೆ, ಪೊರೆ ಬೇಕು ಅಂದೆ. ಅವಳೇನು ತಿಳ್ಕೊಂಡಳೋ, ಮಗೂಗೆ ದೃಷ್ಟಿ ಆಗಿದೆ ಅಂತ ವಿಭೂತೀನೂ ಕೊಟ್ಟಳು."

ತಂಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಪಾಂಬುಗೆ ವಿಭೂತಿ ಇಡಮ್ಮಾ."

"ಸುಮ್ನಿರೆ. ಹಾಲೆರೆದು ಹೇಳಿದ್ದೀನಿ ನಾನು. ನೀನು ಬಿಟ್ಟು ಹೋದದ್ದನ್ನ ಮಾತ್ರ ತಗೊಳ್ತಿದ್ದೀನಿ, ನಿಂದು ಅಂತ ಇರೋದನ್ನ ಮುಟ್ಟಲ್ಲ ಅಂತ."

ಆಗಲೇ ಇಲಿ ತರಲು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದೆ. ಅಮ್ಮ ಬಾಗಿಲಿಗೆ ಅಡ್ಡ ನಿಂತಳು. "ಇವತ್ತು ಬೇಡ. ಇವತ್ತು ಯಾರನ್ನೂ ಏನೂ ಮಾಡಬಾರದು. ನಾಳೆ."

"ಅಮ್ಮ, ಅದು ಎಷ್ಟು ದಿನ ತಡೆಯುತ್ತೋ ಗೊತ್ತಿಲ್ಲ."

"ಒಂದು ದಿನ ತಡೆಯುತ್ತೆ. ನೀನು ತಡಿ."

ಅಷ್ಟು ಉದ್ದದ ದಿನ ನಾನು ಬೇರೆ ಕಂಡಿಲ್ಲ. ತಂಬಿಟ್ಟು ತಿಂದೆ, ದಿನಚರಿ ತೆಗೆದೆ, ಮುಚ್ಚಿದೆ, ತಾರಸಿಗೆ ಹೋಗಿ ಬಂದೆ. ಸಂಜೆ ಹಾವು ಕುಂಡದಿಂದ ಹೊರಗೆ ಬರಲೇ ಇಲ್ಲ. ಅದಕ್ಕಿಂತ ಅದು ಸುತ್ತುತ್ತಿದ್ದದ್ದೇ ವಾಸಿಯಾಗಿತ್ತು.

ಮರುದಿನ ಆಫೀಸಿನಿಂದ ಬೇಗ ಹೊರಟು ಇಲಿ ತಂದೆ. ದೀಪ ಹಚ್ಚುವ ಹೊತ್ತು ದಾಟಿದ ಮೇಲೆ ಪೊರೆಯ ಅರ್ಧವನ್ನು ಒದ್ದೆ ಮಾಡಿ ಇಲಿಗೆ ತಿಕ್ಕಿ, ಉಳಿದದ್ದನ್ನು ಅದರ ಕತ್ತಿಗೆ ಸುತ್ತಿದೆ. ಕುಂಡದ ಬಾಯಿಯಲ್ಲಿ ಇಟ್ಟು ದೀಪ ಆರಿಸಿದೆ. ಹಾಲ್‌ನ ಬೆಳಕು ಬಾಗಿಲಿನಿಂದ ಸ್ವಲ್ಪ ಬೀಳುತ್ತಿತ್ತು. ನೆಲದ ಮೇಲೆ ಕೂತೆ. ಎದ್ದೆ. ಮತ್ತೆ ಕೂತೆ.

"ಅಲ್ಲಾಡಬೇಡ" ಎಂದಳು ಅಮ್ಮ. ತಿರುಗಿ ನೋಡಿದರೆ ಅವಳು ಹೊಸ್ತಿಲು ದಾಟಿ ನನ್ನ ಹಿಂದೆ ಗೋಡೆಗೆ ಒರಗಿ ಕೂತಿದ್ದಳು.

ಮೊದಲು ನಾಲಗೆ ಕಂಡಿತು. ಆಮೇಲೆ ಚಪ್ಪಟೆ ತಲೆ. ಇಲಿಯ ಪಕ್ಕೆಗೆ ಮೂತಿ ಮುಟ್ಟಿಸಿ ನಿಂತಿತು, ಎಷ್ಟು ಹೊತ್ತೋ. ನಾನು ಗಡಿಯಾರ ನೋಡಲಿಲ್ಲ. ಆಮೇಲೆ ನಿಧಾನವಾಗಿ ಬಾಯಿ ತೆರೆದು ಪೊರೆ ಸುತ್ತಿದ ಕತ್ತನ್ನೇ ಹಿಡಿಯಿತು. ಮೈಯ ಎರಡು ಸುತ್ತು ಬಂದು ಇಲಿಯ ಮೇಲೆ ಬಿಗಿದವು. ತಲೆಯಿಂದ ಶುರು ಮಾಡಿ ನುಂಗಿತು. ಕೊನೆಗೆ ಇಲಿಯ ಬಾಲವೂ, ಪೊರೆಯ ಒಂದು ಚೂರೂ ಬಾಯಿಂದ ಹೊರಗೆ ನೇತಾಡುತ್ತಿದ್ದವು. ಅವೂ ಒಳಗೆ ಹೋದವು.

ನಾನು ಕೂತೇ ಇದ್ದೆ. ಅಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ಊಟ ಆಯ್ತು ಅದರದ್ದು. ನೀನೂ ಬಾ, ತಟ್ಟೆ ಹಾಕ್ತೀನಿ" ಎಂದು ಎದ್ದು, ತಲೆಗೆ ನೀರು ಹಾಕಿಕೊಳ್ಳಲು ಬಚ್ಚಲಿಗೆ ಹೋದಳು. ತಿಂದದ್ದು ಎಂಬ ಅಂಕಣದಲ್ಲಿ ಮೊದಲ ಗೀಟು ಎಳೆದೆ. ಆ ದಿನ ಊಟಕ್ಕೆ ಕೂತ ನಾನು ಮುಗಿಯುವವರೆಗೆ ಏಳಲಿಲ್ಲ ಎಂದು ತಂಗಿ ಅಪ್ಪನಿಗೆ ಹೇಳಿದಳು. ನನಗೆ ಅದು ನೆನಪಿಲ್ಲ.

ಮುಂದಿನ ಇಲಿಗಳಿಗೂ ಪೊರೆ ಬೇಕಾಯಿತು, ಆದರೆ ಸಲದಿಂದ ಸಲಕ್ಕೆ ಚಿಕ್ಕ ಚೂರು ಸಾಕಾಗುತ್ತಿತ್ತು. ಅಮ್ಮ ಮಂಗಳವಾರ ವಡಪಳನಿಗೆ ಹೋಗಿಬರುವಾಗ ಹುತ್ತದ ಗುಡಿಯ ಬಳಿ ಇಳಿದು ಮುದುಕಿಯನ್ನು ವಿಚಾರಿಸಿ ಬರುತ್ತಿದ್ದಳು. ಆ ಮುದುಕಿ ಪ್ರತಿ ಸಲವೂ ಮಗು ಹೇಗಿದೆ ಎಂದು ಕೇಳುತ್ತಿದ್ದಳಂತೆ. ಅಮ್ಮ ಚೆನ್ನಾಗಿದೆ ಎನ್ನುತ್ತಿದ್ದಳಂತೆ.

ಅಕ್ಟೋಬರಿನಲ್ಲಿ ಹಾವಿನ ಕಣ್ಣು ಮಂಕಾಯಿತು. ಒಂದು ಬೆಳಿಗ್ಗೆ ಕುಂಡದ ಪಕ್ಕ ಅದರದೇ ಪೊರೆ ಬಿದ್ದಿತ್ತು. ಎಲ್ಲಿಯೂ ಹರಿಯದ ಇಡೀ ಪೊರೆ. ಬೆನ್ನಿನ ಏಣಿನ ದೊಡ್ಡ ಹುರುಪೆಗಳ ಸಾಲು ಬಟ್ಟೆಯ ಹೊಲಿಗೆಯಂತೆ ಕಾಣುತ್ತಿತ್ತು. ಅಳೆದು ಬರೆದುಕೊಳ್ಳೋಣ ಎಂದು ಹಾಲ್‌ಗೆ ತಂದು ಚಾಪೆಯ ಮೇಲೆ ಹರಡಿದೆ. ಅಮ್ಮ ಅಡುಗೆಮನೆಯಿಂದ ಬಂದು ಬಗ್ಗಿ ನೋಡಿದಳು.

"ಇದೂ ಬಿಡುತ್ತಾ?"

"ಎಲ್ಲ ಹಾವೂ ಬಿಡುತ್ತವಮ್ಮ."

ಅವಳು ಕೈ ತೊಳೆದು ಬಂದು ಅದನ್ನು ಎರಡು ಕೈಯಲ್ಲಿ ಎತ್ತಿಕೊಂಡಳು. ದೇವರ ಗೂಡಿನ ಡಬ್ಬಿ ತೆಗೆದಳು. ಅರಿಶಿನದ ಬಟ್ಟೆಯಲ್ಲಿದ್ದ ಅಜ್ಜಿಯ ಪೊರೆಯನ್ನು ಒಂದು ಮೂಲೆಗೆ ಸರಿಸಿದಳು. ಆಮೇಲೆ ಏನೋ ಯೋಚಿಸಿ, ಡಬ್ಬಿ ಮುಚ್ಚಿ, ಕುಂಕುಮ ಮುಗಿದು ಖಾಲಿಯಾಗಿದ್ದ ಇನ್ನೊಂದು ಡಬ್ಬಿ ಹುಡುಕಿದಳು.

"ಇದಕ್ಕೆ ಬೇರೆ ಇರಲಿ" ಎಂದಳು. "ಆ ಪೊರೆ ಪಕ್ಕದಲ್ಲಿಡೋದು ಬೇಡ. ಇದರ ಗುಣ ಗೊತ್ತಲ್ಲ."

ಎರಡು ಡಬ್ಬಿಗಳೂ ಗೂಡಿನಲ್ಲಿ ಒಂದೇ ಸಾಲಿನಲ್ಲಿ ಕೂತವು, ನಡುವೆ ಗಂಟೆ.